ಮಿಸುಕದ ಪ್ರಾಣಿಗಳ ತೋಟ

ಇಳಕಲ್ಲಿನ ಹುಡುಗರಿಗೆ ರಜೆ ಬಂತೆಂದರೆ ಹಿರಿಯರಿಗೆ ಪರೀಕ್ಷೆ ಶುರು. "ಅಜ್ಜಾ, ಆನೀ ತೋರಸು, ಹುಲೀ ತೋರಸು!" 1892ರಲ್ಲಿ ಆರಂಭವಾದ ಮೈಸೂರಿನ ಮೃಗಾಲಯ ಬಲು ದೂರ. ಗದಗ ಹತ್ತಿರದ ಬಿಂಕದಕಟ್ಟಿಯಲ್ಲಿ ನಿಜವಾದ ಹುಲಿಯೇ ಇದೆ. ಆದರೆ ಅಜ್ಜನಿಗೆ ಪ್ರಾಣಿಯ ಜೊತೆ ಹೊಳೆಯೂ ಬೇಕು. ಹೀಗಾಗಿ ಬುತ್ತಿಗಂಟು ಹೊರಡುವುದು ಕೃಷ್ಣೆಯ ದಂಡೆಯ ಆಲಮಟ್ಟಿಗೆ.

ಗಂಟೇನು ಸಣ್ಣದೇ? ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅಷ್ಟನ್ನೂ ಟೋಪತೆನಿ ಸೆರಗಿನ ಅಜ್ಜಿ ಮಡಿಲಲ್ಲಿಟ್ಟು ಕಾಯುತ್ತಾಳೆ.

ಆಲಮಟ್ಟಿಯ ರಾಕ್ ಗಾರ್ಡನ್‌ನಲ್ಲಿ ಪ್ರಾಣಿಗಳಿಗೆ ಕೊರತೆಯಿಲ್ಲ, ಕೊರತೆ ಜೀವಕ್ಕಷ್ಟೇ.

"ಆನೀ ಯಾಕ ಮಿಸುಕವಲ್ದು?"

"ಉಂಡು ನಿಂತೈತಿ, ಸುಮ್ಮನಿರು."

ಮೇವು ಬೇಡ, ಸಗಣಿಯಿಲ್ಲ, ಪಕ್ಕ ನಿಂತು ಫೋಟೊ ತೆಗೆಸಿಕೊಂಡರೂ ಸಿಟ್ಟಿಲ್ಲ. ಇಂಥ ಸಂಭಾವಿತ ಪ್ರಾಣಿಗಳು ಬಾದಾಮಿಯಲ್ಲಿ ಸಿಕ್ಕಾವೆಯೇ? ಅಲ್ಲಿ ಮೇಣಬಸದಿಯ ಮೂರನೇ ಗುಹೆಯಲ್ಲಿ 578ರ ಶಾಸನವಿದೆ. ಅದನ್ನು ನೋಡಲು ಮೆಟ್ಟಿಲು ಹತ್ತುವವರನ್ನು ಮಂಗಗಳು ನೋಡುತ್ತಿರುತ್ತವೆ. ಪಂಜರ ಬೇಕಾದದ್ದು ಮಂಗಕ್ಕಲ್ಲ, ಬುತ್ತಿಗೆ!

ಊಟವಾದ ಮೇಲೆ ಅಜ್ಜನ ಪಾಠ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು ಇದು, ಗೇಟುಗಳು 26. ಮೊಮ್ಮಗ ಎಣಿಸುತ್ತಾನೆ, ಹದಿನೇಳಕ್ಕೆ ತಪ್ಪುತ್ತಾನೆ, ಮತ್ತೆ ಒಂದರಿಂದ ಶುರು.

ಸಂಜೆ ಸಂಗೀತ ಕಾರಂಜಿ ನೋಡದೆ ಹುಡುಗರು ಕದಲುವುದಿಲ್ಲ. ಹೋಗುವವರು ಕೊನೆಯ ಬಸ್ಸಿನ ವೇಳೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ನಾಲ್ಕು ರೊಟ್ಟಿಯನ್ನೂ ಉಳಿಸಿಕೊಳ್ಳಿ.