ಆಮೆಯ ಹೊಟ್ಟೆಯ ಬಾಡಿಗೆದಾರರು

ಮುರ್ಡೇಶ್ವರದಲ್ಲಿ ಹಾವು ಸಾಕಿದವನು ಒಬ್ಬನೇ. ಕಂದುಕಗಿರಿಯ ಮೇಲೆ 123 ಅಡಿ ಎತ್ತರಕ್ಕೆ ಕೂತಿದ್ದಾನೆ. ಅವನ ಕೊರಳ ನಾಗರಕ್ಕೆ ಜಂತುಹುಳದ ಔಷಧಿ ಬೇಕಿಲ್ಲ. ಬೇಕಾದದ್ದು ನಮ್ಮನೆ ಆಮೆಗೆ.

ಸೋದರಳಿಯ ಬೆಂಗಳೂರಿನಿಂದ ತಂದದ್ದು. ಕಿವಿ ಹತ್ತಿರ ಕೆಂಪು ಪಟ್ಟೆಯ ಅಮೆರಿಕದ ತಳಿ. (ನಮ್ಮ ನಕ್ಷತ್ರ ಆಮೆ ಸಾಕಿದ್ದರೆ 1972ರ ವನ್ಯಜೀವಿ ಕಾಯ್ದೆ ನಮ್ಮನ್ನೇ ಸಾಕುತ್ತಿತ್ತು.) ಅದು ಊಟ ಬಿಟ್ಟಿತು. ಪಶುವೈದ್ಯರು, "ತಾಜಾ ಹಿಕ್ಕೆ ತನ್ನಿ" ಎಂದರು. ಕಪಾಟಿನಲ್ಲಿದ್ದ ಉಪ್ಪಿನಕಾಯಿ ಬಾಟಲಿಗೆ ತುಂಬಿಕೊಂಡು ಹೊನ್ನಾವರದ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಅಮ್ಮ ಬಾಟಲಿಯನ್ನೇ ನೋಡಿ, "ಅಪ್ಪೆಮಿಡಿಯಾ?" ಎಂದರು. "ಅಲ್ಲ, ಬೇರೆ ಜಾತಿ" ಎಂದೆ. "ರುಚಿ ಹೇಗೆ?" ಎಂದರು. ಕಿಟಕಿಯಾಚೆ ಶರಾವತಿ ಬರುವವರೆಗೆ ನಾನು ಮಾತಾಡಲಿಲ್ಲ.

ಸೂಕ್ಷ್ಮದರ್ಶಕದಡಿ ಹುಳದ ಮೊಟ್ಟೆಗಳ ಸಂತೆ. ಒಂದೆರಡು ಹುಳ ಇದ್ದರೆ ಆಮೆಗೆ ಲೆಕ್ಕವಿಲ್ಲವಂತೆ. ಇಕ್ಕಟ್ಟಿನ ತೊಟ್ಟಿ, ಹಳೇ ನೀರು, ತನ್ನ ಹಿಕ್ಕೆಯ ಮೊಟ್ಟೆ ತಾನೇ ನುಂಗುವುದು, ಹೀಗೆ ಬಾಡಿಗೆದಾರರು ಹೆಚ್ಚಿ ಮಾಲೀಕ ಸೊರಗುತ್ತಾನೆ. ಔಷಧಿಯ ಪ್ರಮಾಣ ತೂಕ ನೋಡಿ ವೈದ್ಯರೇ ಕೊಟ್ಟರು.

"ಹಿಕ್ಕೆ ಅಂದಂದೇ ತೆಗೆಯಿರಿ. ಹೊಸ ಪ್ರಾಣಿ ತಂದರೆ ಬೇರೆ ತೊಟ್ಟಿ, ಬೇರೆ ಬಲೆ. ಹಾವು-ಹಲ್ಲಿಯ ಜತೆಗಂತೂ ಇಡಲೇಬೇಡಿ. ಆಮೆಗೆ ಸಾಮಾನ್ಯವಾಗಿ ಏನೂ ಮಾಡದ ಒಂದು ಅಮೀಬಾ ಅವುಗಳನ್ನು ಕೊಲ್ಲಬಹುದು. ಸಾಲ್ಮೊನೆಲ್ಲಾ ನಿಮಗೂ ಬರಬಹುದು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಅಡುಗೆಮನೆಯ ಪಾತ್ರೆ ಇದಕ್ಕೆ ಮುಟ್ಟಿಸಬೇಡಿ."

ಬಾಟಲಿಯನ್ನು ಮೆಲ್ಲಗೆ ಚೀಲಕ್ಕಿಳಿಸಿದೆ. ಅಷ್ಟರಲ್ಲಿ ಅಕ್ಕನ ಫೋನು: "ಮಿಡಿ ಬಂದದೆ ಮಾರಾಯ, ಉಪ್ಪಿಗೆ ಹಾಕ್ಬೇಕು. ಕಪಾಟಿನ ಬಾಟಲಿ ಎಲ್ಲಿ?"