ಸಿದ್ಧಭೂಮಿ ಮೀಮಾಂಸೆ: ಮಿಯಾಪುರ ಕಾಂಡ

ದೊಡ್ಡ ಕಂಪನಿಗಳಲ್ಲಿ ಎರಡು ಬಗೆ: ಇನ್ನೇನು ಬರಲಿರುವವು ಮತ್ತು ಪಕ್ಕದ ರಾಜ್ಯಕ್ಕೆ ಹೋದವು. ಮೊದಲನೆಯವು ಎರಡನೆಯವಾಗದಂತೆ ತಡೆಯಲು ಸರ್ಕಾರಗಳು ಇಡುವ ನೈವೇದ್ಯಕ್ಕೆ ಸಿದ್ಧಭೂಮಿ ಎಂದು ಹೆಸರು. ರಸ್ತೆ, ಕರೆಂಟು, ನೀರು, ಚರಂಡಿ ಎಲ್ಲ ಮೊದಲೇ ಬಡಿಸಿ, ಅತಿಥಿ ಬಂದು ಎಲೆಯ ಮುಂದೆ ಕೂತರಾಯಿತು ಎಂಬಂತೆ ಹದಗೊಳಿಸಿದ ನೆಲ. ದೆಹಲಿಯವರು ಇದನ್ನು 'ಪ್ಲಗ್ ಅಂಡ್ ಪ್ಲೇ' ಎನ್ನುತ್ತಾರೆ. 'ಪ್ಲಗ್' ಎಂಬ ಪೂರ್ವಪದಕ್ಕೆ ಬೇಕಾದಷ್ಟು ಭಾಷ್ಯಗಳಿವೆ. 'ಪ್ಲೇ' ಎಂಬ ಉತ್ತರಪದದಲ್ಲಿ ಆಡುವವರು ಯಾರು ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ.

ಪೂರ್ವಪಕ್ಷದವರ ವಾದ ಸರಳ: ನೆಲವನ್ನು ಸಿದ್ಧಗೊಳಿಸುವವನು ಎಂಜಿನಿಯರು. ಬಂಡೆ ಒಡೆ, ಮಟ್ಟ ಮಾಡು, ಕೇಬಲ್ ಎಳೆ. ಅವರ ಪ್ರಮಾಣ ಹೈದರಾಬಾದಿನ ಮಾದಾಪುರದಲ್ಲಿರುವ ಸೈಬರ್ ಟವರ್ಸ್ ಎಂಬ ಐಟಿ ಕಟ್ಟಡ. 1998ರ ನವೆಂಬರಿನಲ್ಲಿ ಆಗಿನ ಪ್ರಧಾನಿ ವಾಜಪೇಯಿ ಅದನ್ನು ಉದ್ಘಾಟಿಸಿದರು. ಬಂಡೆಗಳ ನಡುವೆ ಕಂಪನಿಗಳು ಮೊಳೆತವು. ಮಾದಾಪುರದಲ್ಲಿ ಆದದ್ದು ಅದರ ನೆರೆಯ ಮಿಯಾಪುರದಲ್ಲಿ ಯಾಕಾಗಬಾರದು? ಈ ಕಡೆ ಮುಂಬೈ ಹೆದ್ದಾರಿ, ಕೂಗಳತೆಯಲ್ಲಿ ಬಿಎಚ್‌ಇಎಲ್ ಕಾರ್ಖಾನೆ, ತಲೆಯ ಮೇಲೆ ಮೆಟ್ರೊ. ಆ ಮೆಟ್ರೊವನ್ನು 2017ರ ನವೆಂಬರ್ 28ರಂದು ಪ್ರಧಾನಿ ನರೇಂದ್ರ ಮೋದಿ ಇದೇ ಮಿಯಾಪುರದಲ್ಲಿ ಉದ್ಘಾಟಿಸಿದ್ದು.

ನಮ್ಮ ಸಿದ್ಧಾಂತ ಬೇರೆ. ನೆಲ ಸಿದ್ಧವಾಗುವುದು ಕಾಗದದಲ್ಲಿ. ಮಣ್ಣಿಗೆ ಆ ಸುದ್ದಿ ಮುಟ್ಟುವುದು ಆಮೇಲೆ, ಮುಟ್ಟಿದರೆ.

ಇದಕ್ಕೆ ಪ್ರಮಾಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮೆಟ್ರೊ ಬಂದ ಅದೇ 2017ರಲ್ಲಿ, ಮಿಯಾಪುರದ ಸುಮಾರು 690 ಎಕರೆ ಸರ್ಕಾರಿ ಜಮೀನು ಖಾಸಗಿಯವರ ಹೆಸರಿಗೆ ರಿಜಿಸ್ಟರ್ ಆಗಿದೆ ಎಂಬ ಸಂಗತಿ ಬಯಲಾಯಿತು. ಒಬ್ಬ ಸಬ್ ರಿಜಿಸ್ಟ್ರಾರ್ ಜೈಲು ಕಂಡರು. ಯಾವ ಕಚೇರಿಯಲ್ಲಾದರೂ ರಿಜಿಸ್ಟ್ರೇಷನ್ ಮಾಡಿಸಬಹುದೆಂಬ ಸೌಲಭ್ಯಕ್ಕೂ ಕತ್ತರಿ ಬಿತ್ತು. ಗಮನಿಸಿ: ಒಂದು ಬುಲ್ಡೋಜರ್ ಚಲಿಸಲಿಲ್ಲ, ಒಂದು ಬೇಲಿ ಕಂಬ ನೆಡಲಿಲ್ಲ. ನೆಲ ತನ್ನ ಪಾಡಿಗೆ ಜಾಲಿ ಬೆಳೆಸಿಕೊಂಡು ಬಿದ್ದಿತ್ತು. ಇದಕ್ಕಿಂತ ಸಂಪೂರ್ಣವಾದ ಪ್ಲಗ್ ಅಂಡ್ ಪ್ಲೇ ಈ ಲೇಖಕನಿಗೆ ಎಲ್ಲೂ ಸಿಕ್ಕಿಲ್ಲ.

ಎರಡನೆಯ ಪ್ರಮಾಣ ಬಾಯಿಮಾತಿನದು. 2024ರ ಜೂನಿನಲ್ಲಿ, ಸರ್ಕಾರ ಇಲ್ಲಿ ಬಡವರಿಗೆ ಜಾಗ ಕೊಡುತ್ತದಂತೆ ಎಂಬ ಗಾಳಿಸುದ್ದಿ ಹಬ್ಬಿತು. ಸರ್ವೆ ನಂಬರ್ 100 ಮತ್ತು 101ರಲ್ಲಿರುವ ಹೈದರಾಬಾದ್ ಮಹಾನಗರ ಅಭಿವೃದ್ಧಿ ಪ್ರಾಧಿಕಾರದ (ಎಚ್‌ಎಂಡಿಎ) ಐನೂರು ಎಕರೆಗೂ ಮಿಕ್ಕಿದ ಜಮೀನಿಗೆ ಜನ ಸಾವಿರಗಟ್ಟಲೆ ಬಂದು ಕೂತರು. ಪೊಲೀಸರು ಬಂದರು, ಕಲ್ಲು ಹಾರಿತು, ನಿಷೇಧಾಜ್ಞೆ ಬಿತ್ತು. ಇಲ್ಲೊಂದು ಗಣಿತ ಅಗತ್ಯ. ಎಕರೆಗೆ 4,840 ಚದರ ಗಜ. ಗೂಡೊಂದಕ್ಕೆ 60 ಗಜ ಹಿಡಿದರೆ, ರಸ್ತೆಗೆ ಜಾಗ ಬಿಡದೆ, 500 ಎಕರೆಯಲ್ಲಿ ನಲವತ್ತು ಸಾವಿರ ಮನೆ. ಅಷ್ಟೇ ನೆಲ ಕೈಗಾರಿಕಾ ಪರಿಭಾಷೆಯಲ್ಲಿ ಒಂದು 'ಪಾರ್ಸೆಲ್'. ಹೋಟೆಲಿನಲ್ಲಿ ಪಾರ್ಸೆಲ್ ಎಂದರೆ ಕಟ್ಟಿಕೊಡುವುದು; ಇಲ್ಲೂ ಅರ್ಥ ಬದಲಾಗಿಲ್ಲ.

ಕ್ಷೇತ್ರಕಾರ್ಯವಿಲ್ಲದ ಪ್ರಬಂಧಕ್ಕೆ ಬೆಲೆಯಿಲ್ಲವಾದ್ದರಿಂದ ಒಂದು ಬೆಳಗ್ಗೆ ಆ ಜಮೀನಿನೆದುರು ಹೋಗಿ ನಿಂತೆ. ತಂತಿಬೇಲಿ, ಅದಕ್ಕೆ ಸಿಕ್ಕ ಪ್ಲಾಸ್ಟಿಕ್ ಚೀಲಗಳು, ತುಕ್ಕು ಹಿಡಿದ ಎರಡು ಕಾಲಿನ ಮೇಲೆ 'ಸರ್ಕಾರಿ ಜಮೀನು' ಎಂಬ ತೆಲುಗು ಬೋರ್ಡು. ಬೋರ್ಡಿನ ನೆರಳಲ್ಲಿ ಚಹಾದ ಬಂಡಿ. ಅಂಗಡಿಯಾತ ಔರಾದ್ ಕಡೆಯವನು. ಬೀದರ್ ಬಸ್ಸಿಗೆ ಕಾಯುವವರೇ ಅವನ ಗಿರಾಕಿಗಳು.

"ಇಲ್ಲೇನು ಬರ್ತದಂತ್ರೀ?" ಅಂದೆ.

"ಬೋರ್ಡ್ ಬರ್ತದ ನೋಡ್ರಿ ಸರ. ಹಳೇದು ತೆಗೀತಾರ, ಹೊಸಾದು ಹಚ್ತಾರ. ಹೊಸಾದು ದೊಡ್ಡದಿರ್ತದ, ನನಗ ನೆರಳು ಜಾಸ್ತಿ."

ಆ ನೆರಳಿನಲ್ಲಿ ನಾನು ಕಂಡ ಏಕೈಕ ಉದ್ಯೋಗದಾತ ಅವನೇ. ಕಪ್ಪು ತೊಳೆಯಲು ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದ.

ಅದೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಶಾಸ್ತ್ರದ ಮಹಾಭಾಷ್ಯ ಸಿಗುತ್ತದೆ: ಝಹೀರಾಬಾದಿನ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯ. ಬೀದರ್ ಗಡಿಗೆ ತಾಗಿದ ನ್ಯಾಲ್ಕಲ್ ಮತ್ತು ಝರಾಸಂಗಂ ಮಂಡಲಗಳಲ್ಲಿ 12,635 ಎಕರೆ. ಕೇತಕಿ ಸಂಗಮೇಶ್ವರನಿಗೆ ನಮ್ಮವರು ನಡೆದುಕೊಳ್ಳುವ ಸೀಮೆ. 2016ರಲ್ಲಿ ಒಪ್ಪಿಗೆ ಸಿಕ್ಕಿತು. 2024ರ ಆಗಸ್ಟ್ 28ರಂದು ಕೇಂದ್ರ ಸಂಪುಟ ಇಲ್ಲಿ 3,245 ಎಕರೆಯ ಕೈಗಾರಿಕಾ ಸ್ಮಾರ್ಟ್ ಸಿಟಿಗೆ 2,361 ಕೋಟಿ ರೂಪಾಯಿ ಮಂಜೂರು ಮಾಡಿತು. ಪರಿಶೀಲಿಸಿದಾಗ ಆ ನೆಲದಲ್ಲೊಂದು ದೋಷ ಕಂಡುಬಂದಿದೆ: ಅದು ಮೊದಲೇ ಸಿದ್ಧವಾಗಿತ್ತು. ಹಿಂಗಾರಿ ಜೋಳಕ್ಕೆ, ಕಡಲೆಗೆ. ಸಿದ್ಧವಾಗಿದ್ದನ್ನು ಮೊದಲು ಅಸಿದ್ಧಗೊಳಿಸಿ ಮತ್ತೆ ಸಿದ್ಧಗೊಳಿಸಬೇಕಾದ್ದರಿಂದ ಕಾಲ ಹಿಡಿಯುತ್ತದೆ. ಶಾಸ್ತ್ರಕ್ಕೆ ಆತುರವಿಲ್ಲ.

ಕರ್ನಾಟಕದವರು ಈ ದೋಷವನ್ನು ಬೆಂಗಳೂರು ಬಳಿಯ ದೇವನಹಳ್ಳಿಯಲ್ಲಿ ಕಂಡರು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆಂದು ಸ್ವಾಧೀನಪಡಿಸಿಕೊಳ್ಳಲು ಹೊರಟರು. ರೈತರು ಮೂರು ವರ್ಷ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟರು. ಬೆನ್ನಲ್ಲೇ ಆಂಧ್ರದ ಸಚಿವ ನಾರಾ ಲೋಕೇಶ್, ಬೆಂಗಳೂರಿನ ಹೊರಗೇ ನಮ್ಮಲ್ಲಿ 8,000 ಎಕರೆ ರೆಡಿ ಇದೆ, ಬನ್ನಿ ಎಂದು ಕಂಪನಿಗಳನ್ನು ಕರೆದರು. ಬರಲಿರುವವು, ಪಕ್ಕದ ರಾಜ್ಯಕ್ಕೆ ಹೋದವು ಎಂಬ ನಮ್ಮ ವರ್ಗೀಕರಣಕ್ಕೆ ಇಷ್ಟು ಬೇಗ ಉದಾಹರಣೆ ಒದಗಿಸಿದ್ದಕ್ಕೆ ಈ ಲೇಖಕ ಎರಡೂ ಸರ್ಕಾರಗಳಿಗೆ ಋಣಿ.

ಓದುಗರಲ್ಲೊಂದು ವಿನಂತಿ. ಯಾರಾದರೂ ಮಿಯಾಪುರದಲ್ಲಿ ಅಗ್ಗಕ್ಕೆ ಪ್ಲಾಟು ಇದೆ, ಎಲ್ಲ ರೆಡಿ ಎಂದರೆ ಮೊದಲು ಸರ್ವೆ ನಂಬರ್ ಕೇಳಿ. ನೂರು ಅಥವಾ ನೂರ ಒಂದು ಎಂದರೆ, ಬೋರ್ಡಿನ ಕೆಳಗೆ ಒಂದು ಚಹಾ ಕುಡಿದು, ಬೀದರ್ ಬಸ್ಸು ಹತ್ತಿ ಬನ್ನಿ.