ನೂರಕ್ಕ ದಿನಾ ಒಂದ್ ರೂಪಾಯಿ

ಬೆಳಗಿನ ಐದಕ್ಕೆ ಎದ್ದರೆ ಬದುಕೇ ಬದಲಾಗುತ್ತದೆ ಎಂದು ಬರೆಯುವವರು ಒಮ್ಮೆ ನಮ್ಮ ದೊಡವಾಡಕ್ಕೆ ಬಂದು ಹೋಗಬೇಕು. ಆ ಹೊತ್ತಿಗೆ ಇಲ್ಲಿ ಮಲಗಿದವರನ್ನು ಹುಡುಕುವುದೇ ಕಷ್ಟ. ಡೇರಿಗೆ ಹಾಲು ಹಾಕುವವರು ಹಿಂಡಿ ಮುಗಿಸಿ ಕ್ಯಾನು ಹಿಡಿದು ನಿಂತಿರುತ್ತಾರೆ, ಅಂಗಳಕ್ಕೆ ಕಸ ಹೊಡೆದು ನೀರು ಹಾಕಿಯಾಗಿರುತ್ತದೆ, ಗುಡಿಯ ಮೈಕಿನಲ್ಲಿ ವಚನ ಹಚ್ಚಿರುತ್ತಾರೆ. ರಾಬಿನ್ ಶರ್ಮಾ 2018ರಲ್ಲಿ ‘ದಿ ಫೈವ್ ಎಎಂ ಕ್ಲಬ್’ ಬರೆದರಲ್ಲ, ಆ ಕ್ಲಬ್ಬಿಗೆ ನಮ್ಮೂರಲ್ಲಿ ಎಮ್ಮೆಯೇ ಅಧ್ಯಕ್ಷೆ. ಸ್ವಲ್ಪ ತಡವಾದರೂ ಒದರಿ ಎಬ್ಬಿಸುತ್ತದೆ; ಇನ್ನೈದು ನಿಮಿಷ ಸುಮ್ಮನಿರು ಎಂದು ಒತ್ತಲು ಅದಕ್ಕೆ ಗುಂಡಿ ಇಲ್ಲ. ತಲೆತಲಾಂತರದಿಂದ ಐದಕ್ಕೇ ಎದ್ದ ಈ ಜನ ಲೋಕೋತ್ತರ ಸಾಧಕರಾದರೋ ಎಂದು ಕೇಳಬೇಡಿ. ಹತ್ತಿಗೆ ರೇಟು ಬಂದ ವರ್ಷ ಆಗಿದ್ದಾರೆ, ಬರದ ವರ್ಷ ಇಲ್ಲ.

ಇಂಥ ಪುಸ್ತಕಗಳು ನಮ್ಮ ಮನೆ ಸೇರುವುದು ತಮ್ಮನ ಮಗನ ಕೃಪೆಯಿಂದ. ಅವನಿಗೆ ಬೆಂಗಳೂರಿನಲ್ಲಿ ನೌಕರಿ. ದೀಪಾವಳಿಗೆ ಬಂದಾಗ ಓದಿ ಮುಗಿದದ್ದನ್ನು ಇಲ್ಲಿ ಇಳಿಸಿ, ಹೋಗುವಾಗ ಆ ಚೀಲದ ತುಂಬ ಶೇಂಗಾ ಹೋಳಿಗೆ ಒಯ್ಯುತ್ತಾನೆ. ನನಗೇನೂ ಈ ವ್ಯಕ್ತಿತ್ವ ವಿಕಸನ ಹೊಸದಲ್ಲ. ಯಂಡಮೂರಿಯವರ ‘ವಿಜಯಕ್ಕೆ ಐದು ಮೆಟ್ಟಿಲು’ ತೆಲುಗಿನಿಂದ ಬಂದಾಗ ಅದನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಓದಿದವರು ನಾವು. ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ಯಂತೂ ನನ್ನ ಮದುವೆಯಲ್ಲೇ ಮುಯ್ಯಿಯಾಗಿ ಬಂತು. ಅಕ್ಷತೆ ಬಿದ್ದ ದಿನವೇ ಆ ಹೆಸರಿನ ಪುಸ್ತಕ ಕೈಗಿಟ್ಟವರ ಮನಸ್ಸಿನಲ್ಲಿ ಏನಿತ್ತೋ!

ಈ ವಂಶದ ಮೂಲಪುರುಷ ಸ್ಯಾಮ್ಯುಯೆಲ್ ಸ್ಮೈಲ್ಸ್. ಅತ್ತ ನರಗುಂದದ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ ಮರುವರ್ಷ, 1859ರಲ್ಲಿ, ಲಂಡನ್ನಿನಲ್ಲಿ ಆತನ ‘ಸೆಲ್ಫ್ ಹೆಲ್ಪ್’ ಹೊರಬಂತು. ಲೀಡ್ಸ್ ಊರಿನ ದುಡಿಯುವ ಹುಡುಗರು ಸಂಜೆ ಕೂಡಿಕೊಂಡು ಒಬ್ಬರಿಗೊಬ್ಬರು ಓದು ಬರಹ ಕಲಿಸಿಕೊಳ್ಳುತ್ತಿದ್ದರು. ಅವರ ಮುಂದೆ ಮಾಡಿದ ಭಾಷಣಗಳೇ ಆ ಪುಸ್ತಕದ ಬೇರು. ಹಾಗೆ ಗುಂಪಿನಲ್ಲಿ ಹುಟ್ಟಿದ್ದನ್ನು ಒಬ್ಬೊಬ್ಬರೇ ಕದ ಹಾಕಿಕೊಂಡು ಓದುವ ಪದ್ಧತಿ ಯಾವಾಗ ಬಂತೋ.

ನಾನು ಕದ ಹಾಕಲಿಲ್ಲ, ಕಟ್ಟೆಯ ಮೇಲೆ ಕೂತೇ ಓದಿದೆ. ಜೇಮ್ಸ್ ಕ್ಲಿಯರ್ ಅವರ ‘ಅಟಾಮಿಕ್ ಹ್ಯಾಬಿಟ್ಸ್’, ಅದೂ 2018ರದೇ, ದಿನಕ್ಕೆ ಶೇಕಡಾ ಒಂದರಂತೆ ಸುಧಾರಿಸಿದರೆ ವರ್ಷ ತುಂಬುವುದರೊಳಗೆ ಮೂವತ್ತೇಳು ಪಟ್ಟು ಆಗುತ್ತೀರಿ ಎನ್ನುತ್ತದೆ. ಬಾಜೂ ಮನೆಯ ಕಾಕಾಗೆ ಇದನ್ನು ವಿವರಿಸಿದೆ. ಎಲೆಗೆ ಸುಣ್ಣ ಸವರುತ್ತಿದ್ದ ಬೆರಳು ಅಲ್ಲೇ ನಿಂತಿತು.

“ಅಂದ್ರ ನೂರಕ್ಕ ದಿನಾ ಒಂದ್ ರೂಪಾಯಿ? ಚಕ್ರಬಡ್ಡಿ?”

“ಹಂಗs ರೀ.”

“ಯಾವ ಊರ ಸಾವುಕಾರಂವ? ನಮ್ಮಪ್ಪ ನೂರಕ್ಕ ತಿಂಗಳಿಗೆ ಮೂರರಂಗ ತಂದು ಹೊಲಾ ಒತ್ತಿ ಹಾಕಿದ್ದ. ಇಂವ ಊರs ನುಂಗತಾನ!”

ಲೆಕ್ಕ ಮಾಡಿ ನೋಡಿದೆವು. ನೂರು ರೂಪಾಯಿ ಒಂದು ವರ್ಷಕ್ಕೆ 3,778 ಆಗುತ್ತದೆ. ಕಾಕಾ ಅಂದಿನಿಂದ ಆ ಪುಸ್ತಕ ಮುಟ್ಟಿಲ್ಲ.

ಓದಿ ಪ್ರೇರಿತನಾಗಿ ನಾನು ಆರಿಸಿಕೊಂಡದ್ದು ಬೆಳಗಿನ ನಡಿಗೆ. ಕಡಲೆ ಹೂ ಬಿಡುವ ಕಾಲ, ಎರೆ ಹೊಲಗಳ ನಡುವೆ ಬೆಳವಡಿ ರಸ್ತೆ, ಕೊರಳಿಗೆ ಮಫ್ಲರ್. ಊರು ದಾಟುವ ಮೊದಲೇ ಪಕ್ಕದಲ್ಲಿ ಬೈಕು ನಿಂತಿತು. “ಯಾಕ್ರಿ ಕಾಕಾ, ಬಸ್ ತಪ್ಪಿತೇನ್ರಿ? ಹತ್ರಿ.” ಇಲ್ಲಪ್ಪ, ಆರೋಗ್ಯಕ್ಕ ನಡದೇನಿ ಎಂದೆ. “ಆರಾಮ ಇಲ್ಲೇನ್ರಿ? ದವಾಖಾನಿಗೇ ಬಿಡ್ತೀನಿ, ಹತ್ರಿ!” ಅವನನ್ನು ಸಾಗಹಾಕುವಷ್ಟರಲ್ಲಿ ಹಿಂದೆ ಕಬ್ಬಿನ ಟ್ರ್ಯಾಕ್ಟರ್. ಹೇರು ಹೊತ್ತ ಗಾಡಿಯನ್ನು ಒಬ್ಬ ಮನುಷ್ಯ ನನ್ನ ಸಲುವಾಗಿ ನಿಲ್ಲಿಸಿದ ಮೇಲೆ ಒಲ್ಲೆ ಎನ್ನುವುದು ಹೇಗೆ? ಹತ್ತಿದೆ. ಬೆಳವಡಿಯಲ್ಲಿ ಇಳಿಸಿ, ಚಹಾ ಕುಡಿಸಿ, ಬಿಸಿ ಮಿರ್ಚಿ ತಿನ್ನಿಸಿಯೇ ಬಿಟ್ಟ. ಮಲ್ಲಮ್ಮ ಕುದುರೆಯೇರಿ ಕಾದಿದ ಊರಿನಿಂದ ನಾನು ಬಸ್ಸೇರಿ ಮನೆಗೆ ಬಂದೆ. ಅಷ್ಟರಲ್ಲಿ ಸುದ್ದಿ ಹಬ್ಬಿತ್ತು: ಮನೆಯಾಕಿ ಕೂಡ ಜಗಳಾಡಿ ನಸುಕಿನಾಗ ಮನಿ ಬಿಟ್ಟು ಹೊಂಟಿದ್ದರಂತ. ಮಧ್ಯಾಹ್ನ ಇಬ್ಬರು ಹಿರಿಯರು ಬುದ್ಧಿ ಹೇಳಲು ಬಂದು, ಊಟ ಮಾಡಿ, ಹೇಳಿ ಹೋದರು.

ಹೊಸ ರೂಢಿ ಮೈಗೂಡಲು 21 ದಿನ ಸಾಕು ಎನ್ನುತ್ತಾರಲ್ಲ, ಅದರ ಹಿಂದೆ ಒಬ್ಬ ಪ್ಲಾಸ್ಟಿಕ್ ಸರ್ಜನ್ ಇದ್ದಾನೆ, ಮ್ಯಾಕ್ಸ್‌ವೆಲ್ ಮಾಲ್ಟ್ಜ್. ತಿದ್ದಿಸಿಕೊಂಡ ಮುಖಕ್ಕೆ ರೋಗಿಗಳು ಒಗ್ಗಿಕೊಳ್ಳಲು ಕಡಿಮೆಯೆಂದರೂ ಅಷ್ಟು ದಿನ ಬೇಕು ಎಂದು ಆತ 1960ರಲ್ಲಿ ಬರೆದ. ಜನ ‘ಕಡಿಮೆಯೆಂದರೂ’ ಬಿಟ್ಟು ಉಳಿದದ್ದನ್ನು ಹಿಡಿದುಕೊಂಡರು. ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಹಿಡಿದು ನೋಡಿದಾಗ ಬಂದ ಸರಾಸರಿ 66 ದಿನ. ಆಳಿಗೊಂದು ಲೆಕ್ಕ, 18ರಿಂದ 254ರ ತನಕ. ಆ 254ರ ಮನುಷ್ಯನ ಮೇಲೆ ನನಗೆ ಗುರುತಿಲ್ಲದೆಯೂ ಮಮತೆ.

ಬೆಂಜಮಿನ್ ಫ್ರಾಂಕ್ಲಿನ್ ಮೇಲೂ ಅಷ್ಟೇ. ಆತ 13 ಸದ್ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದನ್ನು ಹಿಡಿದು, ತಪ್ಪಿದಾಗೆಲ್ಲ ಪುಟ್ಟ ವಹಿಯಲ್ಲಿ ಕರಿ ಚುಕ್ಕೆ ಇಡುತ್ತಿದ್ದ. ಅಚ್ಚುಕಟ್ಟು ಮಾತ್ರ ಕಡೆಯವರೆಗೂ ಬಗ್ಗಲಿಲ್ಲ. ಅದಕ್ಕೆ ಆತ್ಮಕಥೆಯಲ್ಲಿ ಒಂದು ಕೊಡಲಿಯ ಕತೆ ಹೇಳುತ್ತಾನೆ. ಕೊಡಲಿ ಕೊಂಡವನೊಬ್ಬ, ಬಾಯಷ್ಟೇ ಅಲ್ಲ, ಇಡೀ ಕೊಡಲಿ ಥಳಥಳ ಹೊಳೆಯಬೇಕೆಂದು ಹಟ ಹಿಡಿದ. ಸಾಣೆ ಚಕ್ರ ನೀನು ತಿರುಗಿಸುವುದಾದರೆ ಆಗಲಿ ಎಂದ ಕಂಬಾರ. ರಟ್ಟೆ ಬಿದ್ದುಹೋದ ಮೇಲೆ ಗಿರಾಕಿಗೆ ಚುಕ್ಕೆ ಉಳಿದ ಕೊಡಲಿಯೇ ಚೆಂದ ಕಂಡಿತು. ಇದನ್ನು ನಮ್ಮ ಮನೆಯಾಕಿಗೆ ರಸವತ್ತಾಗಿ ಹೇಳಿದೆ. “ಮೊದಲ ಆ ಟ್ರಂಕಿನ ಮ್ಯಾಲಿನ ಪೇಪರ್ ತಗೀರಿ, ಚುಕ್ಕಿ ಆಮ್ಯಾಲ ನೋಡೂಣು” ಎಂದಳು.

ನಮ್ಮ ಸೀಮೆಯಲ್ಲಿ ಚಟ ಬಿಡಿಸುವ ಕೆಲಸವನ್ನು ಪುಸ್ತಕಕ್ಕಿಂತ ಚೆನ್ನಾಗಿ ಮಾಡಿದ್ದು ಒಂದು ಜೋಳಿಗೆ. ರಾಮದುರ್ಗದಿಂದಾಚೆ, ಇಳಕಲ್ಲಿನ ಚಿತ್ತರಗಿ ಮಠದ ಮಹಾಂತ ಸ್ವಾಮಿಗಳು ಅದನ್ನು ಹೆಗಲಿಗೆ ಹಾಕಿ ಊರೂರು ತಿರುಗಿದರು. ಅವರು ಬೇಡಿದ್ದು ಕಾಳು ಕಡಿ ಅಲ್ಲ. ನಿಮ್ಮ ದುಶ್ಚಟ ಹಾಕಿರಿ ಎಂದರು. ಜನ ಬೀಡಿ, ತಂಬಾಕು ಹಾಕಿದರು, ಕುಡಿಯುವುದಿಲ್ಲವೆಂದು ಮಾತು ಕೊಟ್ಟರು. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಶರ್ಮಾ, ಕ್ಲಿಯರ್ ಇಬ್ಬರ ಪುಸ್ತಕ ಬಂದ 2018ರಲ್ಲೇ ಅವರು ಲಿಂಗೈಕ್ಯರಾದರು.

ನನಗೆ ಬೇಕಾದ ಹಿರಿಯರೊಬ್ಬರು ಆ ಜೋಳಿಗೆಗೆ ಬೀಡಿ ಕಟ್ಟು ಹಾಕಿ ಬಂದವರು. ಎಲೆ ಅಡಿಕೆಯ ಚಂಚಿ ಮಾತ್ರ ಒಳಗಿನ ಕಿಸೆಯಲ್ಲೇ ಉಳಿಯಿತು; ಸ್ವಾಮಿಗಳು ಅದನ್ನು ಕೇಳಲಿಲ್ಲ, ಇವರು ಹೇಳಲಿಲ್ಲ. ಮರುದಿನದಿಂದ ಕಷ್ಟ ಶುರು. ಪಾನಪಟ್ಟಿ ಅಂಗಡಿಯವನು ರೊಕ್ಕ ಕೊಟ್ಟರೂ ಬೀಡಿ ಕೊಡಲೊಲ್ಲ. ಹೊಲದ ಬದುವಿನಲ್ಲಿ ಕೂತರೆ ಕುರಿ ಕಾಯುವ ಹುಡುಗ ಬಂದು ಮೂಸಿ ನೋಡುತ್ತಾನೆ. ತಡೆಯಲಾರದೆ ಒಂದು ದಿನ ಬಸ್ಸು ಹತ್ತಿ, ಗುರುತಿನವರು ಇರಲಾರರೆಂದು ಉಪ್ಪಿನಬೆಟಗೇರಿಗೆ ಹೋಗಿ, ಅಂಗಡಿಯ ಮರೆಯಲ್ಲಿ ಕಡ್ಡಿ ಗೀರಬೇಕು, ಎದುರಿಗೆ ಬೀಗರು! “ಬರ್ರಿ ಬರ್ರಿ, ಬೀಡಿ ಬಿಟ್ಟೀರಂತಲ್ಲ, ಭಾಳ ಚೊಲೊ ಆತು” ಎಂದು ಕೈ ಹಿಡಿದು ಮನೆಗೆ ಕರೆದೊಯ್ದು ಹುಗ್ಗಿ ಮಾಡಿಸಿ ಉಣಬಡಿಸಿದರಂತೆ. ಅಂಗಡಿಯವನಿಗೆ ಕೊಟ್ಟ ಬೀಡಿಯ ರೊಕ್ಕ ಇನ್ನೂ ವಾಪಸು ಬಂದಿಲ್ಲವೆಂಬುದು ಅವರ ತಕರಾರು.